ನಾಲ್ಕಲ್ಲ, ಮೂರೇ ರಾತ್ರಿ

ನಾನು ಕಲಿಸುವ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಒಂದು ಉದ್ದದ ಹೆಸರಿದೆ. ಆ ಹೆಸರಿನಿಂದ ಅದನ್ನು ಕರೆಯುವವರನ್ನು ಈತನಕ ನೋಡಿಲ್ಲ. ಪ್ರಿನ್ಸಿಪಾಲರಿಂದ ಹಿಡಿದು ಗಂಟೆ ಬಾರಿಸುವವರತನಕ ಎಲ್ಲರ ಬಾಯಲ್ಲೂ ಅದು 'ಪಾಸಿಂಗ್ ಪೇಪರ್'. ನನ್ನನ್ನು ಕರೆಯುವುದೂ 'ಪಾಸಿಂಗ್ ಪೇಪರ್ ಮೇಡಂ' ಎಂದು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಸ್ಟಾಫ್ ರೂಮಿನ ಗೋಡೆ ತೆಳ್ಳಗಿದೆ, ನನ್ನ ಕಿವಿ ಇನ್ನೂ ಚೆನ್ನಾಗಿದೆ.

ಕಾಲೇಜು ಯಾವುದೆಂದು ಹೇಳುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ಬಸ್ಸುಗಳಿಂದ ಇಳಿದು ಬರುವ ಮಕ್ಕಳು ಓದುವ ಒಂದು ಕಾಲೇಜು, ಅಷ್ಟು ಸಾಕು. ನಾನಿಲ್ಲಿ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ! ಯಾವ ಮನೆಯಲ್ಲಿ ಅತಿಥಿಯನ್ನು ಹನ್ನೊಂದು ವರ್ಷ ಬಾಗಿಲಲ್ಲೇ ನಿಲ್ಲಿಸಿರುತ್ತಾರೋ ದೇವರೇ ಬಲ್ಲ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಪ್ರತಿ ವರ್ಷ ಅವರು ಬರಬೇಡಿ ಅನ್ನಬಹುದು. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ವಿಶ್ವವಿದ್ಯಾಲಯದ ನಿಯಮ ಹೀಗೆ: ಬಿಎಸ್ಸಿ ಓದಲಿ, ಬಿಕಾಂ ಓದಲಿ, ಬಿಸಿಎ ಓದಲಿ, ಪ್ರತಿಯೊಬ್ಬರೂ ಮಾನವಿಕ ವಿಷಯದ ಒಂದು ಪತ್ರಿಕೆಯನ್ನು ಕಡ್ಡಾಯವಾಗಿ ಓದಬೇಕು. ಇತಿಹಾಸ, ಸಂಸ್ಕೃತಿ, ಸಮಾಜ, ಇಂಥವು. ಅದರಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ. ಓದಿದಾಗ ನನಗೆ ಎಷ್ಟು ಸಂತೋಷವಾಗಿತ್ತು! ಲೆಕ್ಕ ಓದುವವರೂ ರಸಾಯನಶಾಸ್ತ್ರ ಓದುವವರೂ ಒಂದು ಗಂಟೆಯಾದರೂ ನಾವು ಯಾರು, ನಮ್ಮ ಹಿಂದಿನವರು ಹೇಗೆ ಬಾಳಿದರು ಎಂದು ಕೇಳಿಕೊಳ್ಳಲಿ ಎಂದು ಯಾರೋ ಪುಣ್ಯಾತ್ಮರು ಯೋಚಿಸಿದ್ದಾರೆ ಅಂದುಕೊಂಡೆ. ಅವರು ಯೋಚಿಸಿದ್ದು ನಿಜವೇ ಇರಬೇಕು. ಅದು ನಮ್ಮ ಕಾಲೇಜಿನ ಗೇಟು ದಾಟುವಷ್ಟರಲ್ಲಿ ಏನಾಯಿತು ನೋಡಿ.

ನನಗೆ ಕೊಟ್ಟ ಕೋಣೆ ಆಟದ ಸಾಮಾನು ಇಡುವ ಕೋಣೆ. ಒಂದು ಮೂಲೆಯಲ್ಲಿ ಗಾಳಿ ಹೋದ ವಾಲಿಬಾಲು, ಇನ್ನೊಂದು ಮೂಲೆಯಲ್ಲಿ ಹರಿದ ನೆಟ್ಟು, ನಡುವೆ ನನ್ನ ನಲವತ್ತು ಮಕ್ಕಳು. ಕೊಟ್ಟ ಗಂಟೆ ಶನಿವಾರದ ಕೊನೆಯ ಪಿರಿಯಡ್ಡು. ಹಳ್ಳಿ ಬಸ್ಸುಗಳೆಲ್ಲ ಹೊರಡುವುದು ಆ ಪಿರಿಯಡ್ಡಿನ ಅರ್ಧದಲ್ಲಿ. ಬಾಗಳಿ ಕಡೆಯವರು ಎದ್ದು ಹೋಗುತ್ತಾರೆ, ಹಿರೇಹಡಗಲಿಯವರು ಎದ್ದು ಹೋಗುತ್ತಾರೆ, ಕೊನೆಗೆ ನಾನೂ ವಾಲಿಬಾಲೂ ಉಳಿಯುತ್ತೇವೆ. ನಾನು ಬರುವ ಮೊದಲು ಈ ಪೇಪರನ್ನು ಯಾರಿಗೆ ವಾರದ ಗಂಟೆ ಕಡಿಮೆ ಬೀಳುತ್ತಿತ್ತೋ ಅವರ ಕೊರಳಿಗೆ ಕಟ್ಟುತ್ತಿದ್ದರಂತೆ. ಒಂದು ವರ್ಷ ಆಟದ ಮೇಷ್ಟ್ರು ಕಲಿಸಿದ್ದರಂತೆ. ಬಹುಶಃ ಕೋಣೆ ಹಾಗಾಗಿಯೇ ಅಲ್ಲೇ ಉಳಿಯಿತು.

"ಬ್ಯಾಲೆನ್ಸ್ ಶೀಟ್ ಹಾಕೋ ಹುಡುಗ್ರಿಗೆ ಇತಿಹಾಸ ಕಟ್ಗೊಂಡು ಏನಾಗಬೇಕ್ರಿ ಮೇಡಂ?" ಎಂದು ಕಾಮರ್ಸಿನ ಒಬ್ಬ ಸಹೋದ್ಯೋಗಿ ಚಹಾ ಕುಡಿಯುತ್ತ ಕೇಳಿದ್ದರು.

"ಇತಿಹಾಸ ಕಟ್ಗೊಳ್ಳಾದು ಬ್ಯಾಡ್ರಿ ಸರ್, ಆ ಕ್ವಾಣಿಗೊಂದು ಫ್ಯಾನ್ ಕಟ್ಟಿಸಿಕೊಡ್ರಿ ಸಾಕು" ಅಂದೆ. ಎಲ್ಲರೂ ನಕ್ಕರು. ಫ್ಯಾನು ಇವತ್ತಿಗೂ ಬಂದಿಲ್ಲ.

ಈ ಪೇಪರಿನಲ್ಲಿ ನಲವತ್ತು ಅಂಕ ಪ್ರಾಜೆಕ್ಟಿಗೆ. ಹೋದ ವರ್ಷ ಮಕ್ಕಳಿಗೆ ಹೇಳಿದೆ, "ರಾಜರ ವಿಷಯ ಬ್ಯಾಡ. ನಿಮ್ಮ ಮನಿಯಾಗ ವಯಸ್ಸಾದವ್ರು ಯಾರದಾರೋ ಅವ್ರ ಮುಂದ ಕುಂದರ್ರಿ. ಅವ್ರು ಮಾಡ್ತಿದ್ದ ಕೆಲಸ ಕೇಳ್ರಿ. ಕೇಳಿದ್ದನ್ನ ಬರೀರಿ." ಮಕ್ಕಳು ನನ್ನ ಮುಖ ನೋಡಿದರು. ಪರೀಕ್ಷೆಗೆ ಅಜ್ಜಿಯನ್ನು ಓದಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಹೇಳಿದ ಹಾಗೆ ಮಾಡಿದವಳು ಒಬ್ಬಳೇ. ಉಚ್ಚಂಗಿದುರ್ಗದ ಕಡೆಯ ಹುಡುಗಿ, ಬಿಎಸ್ಸಿ ಕೊನೆಯ ವರ್ಷ, ಕುರಿ ಸಾಕುವ ಮನೆಯವಳು. ಮಾತು ಕಡಿಮೆ. ಬಿಎಡ್ ಮಾಡಿ ಟೀಚರ್ ಆಗಬೇಕೆಂಬ ಆಸೆ. ಮನೆಯಲ್ಲಿ ಒಂದು ಕರಾರು ಆಗಿತ್ತು, ಅದನ್ನು ಅವಳೇ ಒಮ್ಮೆ ನನಗೆ ಹೇಳಿದ್ದಳು: "ಅಪ್ಪ ಹೇಳ್ಯಾನ್ರಿ ಮೇಡಂ, ಒಂದು ಸಬ್ಜೆಕ್ಟ್ ಹೋದ್ರೂ ಸೈತ ಬಿಎಡ್ಡು ಗಿಯಡ್ಡು ಏನಿಲ್ಲ, ಸುಮ್ನ ಕುರಿ ಹಿಂದ ನಡಿ ಅಂತ." ಭೌತಶಾಸ್ತ್ರದಲ್ಲಿ ಅವಳಿಗೆ ಭಯವಿತ್ತು. ಪಾಸಿಂಗ್ ಪೇಪರಿನಲ್ಲಿ ಯಾರಿಗೂ ಭಯವಿರಲಿಲ್ಲ.

ಅವಳು ತನ್ನ ಅಜ್ಜನ ಮುಂದೆ ಎರಡು ತಿಂಗಳು ಕೂತಳು. ಅಜ್ಜ ಹರೆಯದಲ್ಲಿ ಕುರಿ ಹಿಂಡಿನ ಜೊತೆ ನಡೆದ ದಾರಿಯನ್ನು ಇಪ್ಪತ್ತೆರಡು ಪುಟ ಬರೆದಳು, ಗೆರೆ ಹಾಳೆಯ ಎರಡೂ ಕಡೆ, ನೀಲಿ ಪೆನ್ನಿನಲ್ಲಿ. ದುರ್ಗದ ಬುಡದಿಂದ ಹೊರಟು, ಬಾಗಳಿಯ ಕೆರೆ ಏರಿ ದಾಟಿ, ಕೊಟ್ಟೂರಿನ ಎರೆಮಣ್ಣಿನ ಹೊಲಗಳಲ್ಲಿ ನಿಂತು, ಕೂಡ್ಲಿಗಿಯ ಕುರುಚಲು ಕಾಡು ಸುತ್ತಿ, ಹಗರಿಬೊಮ್ಮನಹಳ್ಳಿ ಹಾದು ಹಡಗಲಿ ಸೀಮೆಗೆ ಹೋಗಿ, ಮಳೆಗಾಲಕ್ಕೆ ಮುಂಚೆ ವಾಪಸು. ಯಾವ ಬಾವಿಯವರು ನೀರು ಕೊಟ್ಟರು, ಯಾರು ಕೊಡಲಿಲ್ಲ. ಹಿರೇಹಡಗಲಿಯ ಯಾವ ಓಣಿಯ ಹೆಂಗಸು ಬಿಸಿ ರೊಟ್ಟಿಯ ಮೇಲೆ ಚಟ್ನಿ ಹಚ್ಚಿ ಕೊಡುತ್ತಿದ್ದಳು. ಅಜ್ಜನ ತಂಗಿ ಯಾವ ಮರದ ಕೆಳಗೆ ಹುಟ್ಟಿದಳು. ಪ್ರತಿ ಸಲ ಬಾಗಳಿಯ ಹತ್ತಿರ ಬಂದರೆ ಊರ ಕಡೆ ತಿರುಗಿ ನಿಲ್ಲುತ್ತಿದ್ದ ಒಂದು ಹಟಮಾರಿ ಕುರಿಯ ವಿಷಯವೇ ಒಂದು ಪುಟ ಇತ್ತು. ನಾನು ಹುಟ್ಟಿ ಬೆಳೆದ ಐದು ತಾಲೂಕು ಇದು. ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಂದೂ ಗೊತ್ತಿರಲಿಲ್ಲ ನನಗೆ.

ಒಂದು ಶನಿವಾರ ಅದನ್ನು ಕ್ಲಾಸಿನಲ್ಲಿ ಓದು ಅಂದೆ. ಎದ್ದು ನಿಂತು, ತಲೆ ಎತ್ತದೆ ಓದತೊಡಗಿದಳು. ಕೊಟ್ಟೂರಿನ ಹತ್ತಿರದ ಹೊಲವೊಂದರ ವಿಷಯ ಬಂತು. ನಮ್ಮ ಕಡೆ ಬೆಳೆ ಕೊಯ್ದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ರಾತ್ರಿಯಿಡೀ ಹಿಂಡು ಅಲ್ಲಿ ಮಲಗಿದರೆ ಹೊಲಕ್ಕೆ ಗೊಬ್ಬರ, ಕುರಿಯವರಿಗೆ ರಾತ್ರಿಗಿಷ್ಟು ಎಂದು ಜೋಳ. ಅವಳು ಓದಿದಳು: ಬೇವಿನ ಮರದ ಬುಡದಲ್ಲಿ ಒಡೆದ ಗಾಣದ ಕಲ್ಲಿದ್ದ ಆ ಹೊಲದಲ್ಲಿ ನಮ್ಮ ಕುರಿ ನಾಲ್ಕು ರಾತ್ರಿ ಮಲಗಿದವು, ಯಜಮಾನರು ಮೂರು ರಾತ್ರಿಯ ಜೋಳ ಕೊಟ್ಟು ಕಳಿಸಿದರು.

"ಏ! ಅದು ನಮ್ಮ ಹೊಲ!" ಎಂದು ಹಿಂದಿನ ಬೆಂಚಿನಿಂದ ಬಿಕಾಂ ಹುಡುಗನೊಬ್ಬ ಎದ್ದು ನಿಂತ. ಕೊಟ್ಟೂರಿನವನು, ಹೊಲವೂ ಅಂಗಡಿಯೂ ಇರುವ ಮನೆಯವನು. "ಗಾಣದ ಕಲ್ಲು ಇವತ್ತಿಗೂ ಐತ್ರಿ ಮೇಡಂ. ಮೂರ ರಾತ್ರಿ ಇದ್ದಿದ್ದು. ಕುರಿಯೋರು ನಾಕಂತ ಗಂಟು ಬಿದ್ದಿದ್ರು ಅಂತ ನಮ್ಮಜ್ಜ ಹೇಳ್ತಿದ್ದ."

"ನಮ್ಮಜ್ಜ ಸುಳ್ಳು ಹೇಳಂಗಿಲ್ಲ" ಅಂದಳು ಹುಡುಗಿ. ಮೂರು ವರ್ಷದಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು.

"ಮತ್ತ ನಮ್ಮಜ್ಜ ಸುಳ್ಳು ಹೇಳ್ತಾನೇನು?"

ಹಡಗಲಿ ಕಡೆಯ ಇನ್ನೊಬ್ಬಳು ನಡುವೆ ಬಾಯಿ ಹಾಕಿದಳು. "ನಡುವ ಸೋಮವಾರ ಬಂದಿತ್ತೇನು ಕೇಳ್ರಿ ಮೊದ್ಲು. ಸೋಮವಾರದ ರಾತ್ರಿ ನಮ್ಮ ಕಡಿ ಎಣಸಂಗಿಲ್ಲ." ಅದೂ ನಿಜ. ಸೋಮವಾರ ಶಿವನ ವಾರ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕೆಲವು ಹೊಲದವರು ಆ ರಾತ್ರಿ ಮಲಗಿದ ಕುರಿಗೆ ಜೋಳ ಅಳೆಯುವುದಿಲ್ಲ, ಅದು ದೇವರ ರಾತ್ರಿ ಎಂದು ಬಿಟ್ಟುಬಿಡುತ್ತಾರೆ. ದೇವರ ರಾತ್ರಿಯ ಲಾಭ ಮಾತ್ರ ಯಾವಾಗಲೂ ಹೊಲದವರಿಗೇ ಯಾಕೆ ಬರುತ್ತದೆ ಎಂದು ಕುರಿಯವರ ಹುಡುಗಿ ಕೇಳಿದಳು. ಕೊಟ್ಟೂರಿನವನು ಕೆಂಪಾದ. ಒಬ್ಬ ಇವನ ಕಡೆ, ಇನ್ನೊಬ್ಬಳು ಅವಳ ಕಡೆ, ಕೋಣೆ ತುಂಬ ಗದ್ದಲ. ಬಾಗಳಿ ಬಸ್ಸು ಹೋಯಿತು. ಹರಪನಹಳ್ಳಿ ಬಸ್ಸು ಹೋಯಿತು. ಯಾರೂ ಏಳಲಿಲ್ಲ! ಹನ್ನೊಂದು ವರ್ಷದಲ್ಲಿ ನನ್ನ ಪಿರಿಯಡ್ಡಿಗಾಗಿ ಮಕ್ಕಳು ಬಸ್ಸು ತಪ್ಪಿಸಿಕೊಂಡದ್ದು ಅದೊಂದೇ ದಿನ. ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆಯೇನಿಲ್ಲ.

ಮುಂದಿನ ವಾರ ಹುಡುಗಿ ಅಜ್ಜನನ್ನು ಮತ್ತೆ ಕೇಳಿ ಬಂದಳು. "ನಾಕು ಅಂದ್ರ ನಾಕು ಅಂದಾನ್ರಿ ಮೇಡಂ. ಕೋಲು ಕುಟ್ಟಿ ಹೇಳಿದ." ಹಾಗಾದರೆ ನಾಲ್ಕು ಎಂದೇ ಇರಲಿ ಅಂದೆ.

ಪ್ರಾಜೆಕ್ಟ್ ಒಪ್ಪಿಸುವ ಕೊನೆಯ ದಿನ ಪ್ರಿನ್ಸಿಪಾಲರು ಮೂವತ್ತೊಂಬತ್ತು ಪ್ರಾಜೆಕ್ಟ್ ಪುಸ್ತಕಗಳ ಗಂಟನ್ನು ಮಧ್ಯಾಹ್ನ ನನ್ನ ಟೇಬಲ್ಲಿಗೆ ಕಳಿಸಿದರು. ಸಂಜೆಯೊಳಗೆ ಸಹಿ ಆಗಬೇಕು, ಜೀಪು ಕಾಯುತ್ತಿದೆ ಎಂದು ಹೇಳಿ ಕಳಿಸಿದ್ದರು. ಪ್ರತಿಯೊಂದರಲ್ಲೂ ಮೊದಲಿಗೆ ಒಂದು ದೃಢೀಕರಣ ಪತ್ರ: 'ಇದು ಈ ವಿದ್ಯಾರ್ಥಿಯ ಸ್ವಂತ ಕೃತಿಯೆಂದು ದೃಢೀಕರಿಸುತ್ತೇನೆ.' ಅದರ ಕೆಳಗೆ ನನ್ನ ಸಹಿ. ಸಹಿ ಮಾಡಲಿಕ್ಕೇ ಹುಟ್ಟಿದವಳ ಹಾಗೆ ಮೂವತ್ತೊಂಬತ್ತು ಸಹಿ ಹಾಕಿದೆ. ಹುಡುಗಿಯ ಹಾಳೆಗಳನ್ನು ದಾರದಲ್ಲಿ ಹೊಲಿದು ಮೇಲಿಟ್ಟೆ. ಅದರಲ್ಲಿ ದೃಢೀಕರಣ ಪತ್ರ ಇರಲಿಲ್ಲ. ಅವಳ ಕೈಬರಹವೇ ಇರುವಾಗ ಅದು ಅವಳದೇ ಎಂದು ನಾನೇನು ಹೇಳುವುದು ಎಂದು ಸುಮ್ಮನಾದೆ. ನನ್ನ ದೊಡ್ಡ ತಪ್ಪು ಅದು.

ಸಹಿ ಮುಗಿದ ಮೇಲೆ ಒಂದನ್ನು ತೆರೆದು ನೋಡಿದೆ. ಹಂಪಿ. ಇನ್ನೊಂದು ತೆರೆದೆ, ಅದೂ ಹಂಪಿ. ಮೂವತ್ತೊಂಬತ್ತೂ ಹಂಪಿ! ಒಂದೇ ಕಲ್ಲಿನ ರಥ, ಒಂದೇ ವಾಕ್ಯ, ಒಂದೇ ಕಡೆ ಅರ್ಧ ಕತ್ತರಿಸಿದ ಸಾಲು. ಕೊಟ್ಟೂರಿನ ಹುಡುಗ, ಬಸ್ಸು ತಪ್ಪಿಸಿಕೊಂಡು ಕೂಗಾಡಿದವನು, ಅವನದೂ ಹಂಪಿಯೇ. ಕೃತಜ್ಞತೆಯ ಪುಟ ಓದಿದೆ: 'ಅಡುಗೆಮನೆಯ ಕೆಲಸದಲ್ಲಿ ಕೈಜೋಡಿಸಿ ನನ್ನ ಅಧ್ಯಯನಕ್ಕೆ ನೆರವಾದ ನನ್ನ ಪತಿಗೆ ನಾನು ಋಣಿ.' ಕೆಳಗೆ ಮೀಸೆ ಬಂದ ಹುಡುಗರ ಸಹಿ.

ಆ ವಾಕ್ಯ ನನ್ನದು. ಎಂಎ ಓದುವಾಗ ನಾನೇ ಬರೆದದ್ದು. ಎಷ್ಟೋ ವರ್ಷದ ಹಿಂದೆ, ಪ್ರಾಜೆಕ್ಟ್ ಅಂದರೆ ಹೇಗಿರುತ್ತದೆ ತೋರಿಸ್ರಿ ಮೇಡಂ ಎಂದು ಒಂದು ಬ್ಯಾಚಿನವರು ಕೇಳಿದ್ದಕ್ಕೆ ಮಾದರಿಗೆಂದು ಕೊಟ್ಟಿದ್ದೆ. ಅವರು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದರು. ಅಂಗಡಿಯವನು ಇಟ್ಟುಕೊಂಡಿದ್ದ. ಅಂದಿನಿಂದ ಐದು ತಾಲೂಕಿನ ಮಕ್ಕಳು ವರ್ಷವರ್ಷವೂ ನನ್ನ ಗಂಡನಿಗೆ ಋಣಿಗಳಾಗುತ್ತ ಬಂದಿದ್ದಾರೆ. ಮನೆಗೆ ಬಂದು ಹೇಳಿದರೆ ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಷ್ಟು ಮಂದಿ ಹೆಂಡ್ರದಾರಂತ ನನಗ ಗೊತ್ತ ಇರ್ಲಿಲ್ಲ ನೋಡು" ಅಂದರು. ನಾನೂ ನಕ್ಕೆ. ಆಮೇಲೆ ಅನ್ನಕ್ಕೆ ಕೈ ಹಾಕಲಾಗದಷ್ಟು ಸಿಟ್ಟು ಬಂತು.

ಮರುದಿನ ಕೊಟ್ಟೂರಿನ ಹುಡುಗನನ್ನು ಹಿಡಿದು ನಿಲ್ಲಿಸಿದೆ. "ನಿಮ್ಮ ಹೊಲದ ವಿಷಯ ಅಷ್ಟು ಮಾತಾಡಿದಿ. ಅದನ್ನ ಯಾಕ ಬರೀಲಿಲ್ಲ?"

"ಅದು ಕ್ಲಾಸಿಗೆ ಅಲ್ರಿ ಮೇಡಂ" ಅಂದ, ನನ್ನ ಮೇಲೆ ಕನಿಕರಪಟ್ಟ ಹಾಗೆ. "ಇದು ಮಾರ್ಕ್ಸಿಗೆ."

ಫಲಿತಾಂಶ ಬಂತು. ಹಂಪಿಗಳಿಗೆಲ್ಲ ನಲವತ್ತಕ್ಕೆ ಮೂವತ್ತೆಂಟು. ಹುಡುಗಿಗೆ ಒಂಬತ್ತು. ಭೌತಶಾಸ್ತ್ರದಲ್ಲಿ ಅವಳು ಫಸ್ಟ್ ಕ್ಲಾಸ್, ಪಾಸಿಂಗ್ ಪೇಪರಿನಲ್ಲಿ ಫೇಲ್! ಹಾಳೆಗಳು ವಾಪಸು ಬಂದವು. ಕೊನೆಯ ಪುಟದಲ್ಲಿ ಅವಳು 'ಆಧಾರ: ನಮ್ಮ ಅಜ್ಜ, ನಮ್ಮ ದೊಡ್ಡಪ್ಪ, ಹಿರೇಹಡಗಲಿಯ ಒಬ್ಬ ಅಜ್ಜಿ' ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಮಸಿಯಲ್ಲಿ ಅಡ್ಡಗೆರೆ. ಪಕ್ಕದಲ್ಲಿ, 'ದೃಢೀಕರಣವಿಲ್ಲ. ಆಧಾರ ಗ್ರಂಥಗಳಿಲ್ಲ. ನಿಗದಿತ ನಮೂನೆಯಲ್ಲಿಲ್ಲ.'

ಅಂಕ ಹಾಕಿದವರ ನಂಬರು ಹುಡುಕಿ ಫೋನು ಮಾಡಿದೆ. ಬೇರೆ ಕಾಲೇಜಿನವರು, ಕಾಮರ್ಸ್ ಕಲಿಸುವವರು. ಅವರಿಗೂ ಗಂಟೆ ಕಡಿಮೆ ಬಿದ್ದಿತ್ತಂತೆ, ಅವರ ಕೊರಳಿಗೂ ಇದನ್ನು ಕಟ್ಟಿದ್ದರಂತೆ. "ನಂದೇನು ತಪ್ಪೈತ್ರಿ ಮೇಡಂ? ನನಗ ಒಂದು ನಮೂನಿ ಕೊಟ್ರು, ಅದರಾಗ ಇದ್ದದ್ದು ಐತೋ ಇಲ್ಲೋ ನೋಡಿ ಟಿಕ್ ಹಾಕು ಅಂದ್ರು. ಹಾಕಿದೆ."

"ಓದಿದ್ರೇನ್ರಿ ಅದನ್ನ?"

"ಕೈಬರಹ ಇತ್ತಲ್ರಿ" ಅಂದರು, ಅದೇ ಉತ್ತರ ಎಂಬಂತೆ. ಆ ಮನುಷ್ಯನನ್ನು ಬೈಯಲೂ ಆಗಲಿಲ್ಲ ನನಗೆ.

ಅಷ್ಟರಲ್ಲಿ ಹುಡುಗಿ ಬಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅಪ್ಪನಿಗೆ ಇನ್ನೂ ಹೇಳಿಲ್ಲ, ಬಿಎಡ್ ಅರ್ಜಿಗೆ ಐದು ದಿನ ಉಳಿದಿದೆ ಎಂದಷ್ಟೇ ಹೇಳಿದಳು. ಅವಳನ್ನು ಹೊರಗೆ ಕೂರಿಸಿ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ.

"ಅಷ್ಟ್ಯಾಕ ಗಾಬರಿ ಮೇಡಂ?" ಅಂದರು ಅವರು. "ಮತ್ತ ಒಪ್ಪಿಸಾಕ ಅವಕಾಶ ಐತಿ. ನಾಳೆ ಸಂಜಿಯೊಳಗ ನಮೂನಿ ಪ್ರಕಾರ ಒಂದು ಮಾಡಿ ಕೊಡ್ರಿ, ಮಾರ್ಕ್ಸ್ ತಿದ್ದಿಸ್ತೀನಿ."

"ಇದನ್ನ ಟೈಪ್ ಮಾಡ್ಸಿ, ನನ್ನ ಸಹಿ ಹಾಕಿ ಕೊಡ್ತೀನ್ರಿ ಸರ್."

"ಆಧಾರ ಗ್ರಂಥ?"

"ಅಜ್ಜ ಅದಾರಲ್ರಿ."

"ಅಜ್ಜನ್ನ ಬೈಂಡಿಂಗ್ ಮಾಡ್ಸಿ ಕೊಡ್ತೀರೇನು?" ಎಂದು ನಕ್ಕರು. ಕುಹಕದಿಂದಲ್ಲ, ನಿಜವಾಗಿಯೂ ಅವರಿಗೆ ನಗು ಬಂದಿತ್ತು. "ಮೇಡಂ, ಅದನ್ನ ಮತ್ತ ಕಳಿಸಿದ್ರ ಮತ್ತ ಒಂಬತ್ತು ಬರ್ತೈತಿ. ಎಲ್ಲಾರೂ ಏನು ಕೊಟ್ಟಾರೋ ಅದನ್ನ ಕೊಡ್ಸಿಬಿಡ್ರಿ. ಆ ಹುಡುಗಿ ಜೀವನ ನೋಡ್ರಿ."

"ಎಲ್ಲಾರೂ ಕೊಟ್ಟಿದ್ದು ಕಾಪಿ! ಮೂವತ್ತೊಂಬತ್ತೂ ಕಾಪಿ ಅಂತ ಬರದು ಕೊಡ್ತೀನಿ ವಿಶ್ವವಿದ್ಯಾಲಯಕ್ಕ!"

ಪ್ರಿನ್ಸಿಪಾಲರು ಡ್ರಾಯರಿನಿಂದ ಒಂದು ಹಂಪಿ ತೆಗೆದರು. ದೃಢೀಕರಣದ ಪುಟ ತೆರೆದು ನನ್ನ ಸಹಿಯ ಮೇಲೆ ಬೆರಳಿಟ್ಟರು. ಆಮೇಲೆ ಕೃತಜ್ಞತೆಯ ಪುಟ ತೆರೆದರು. ಅವರಿಗೆ ಎಲ್ಲವೂ ಗೊತ್ತಿತ್ತು. "ಬರದು ಕೊಡ್ರಿ. ಮೂವತ್ತೊಂಬತ್ತು ಮಂದಿ ಫೇಲ್ ಆಗ್ತಾರ. ಮೂಲ ಯಾರದು ಅಂತ ಕೇಳ್ತಾರ. ಸ್ವಂತ ಕೃತಿ ಅಂತ ಸಹಿ ಹಾಕಿದೋರು ಯಾರು ಅಂತನೂ ಕೇಳ್ತಾರ. ಜೂನ್‌ದಾಗ ನಿಮ್ಮ ಅರ್ಜಿ ಬ್ಯಾರೆ ಐತಿ."

ಅಲ್ಲೇ ಕಿರುಚಬೇಕಿತ್ತು ನಾನು. ಬರೆದು ಕೊಡಬೇಕಿತ್ತು. ಕ್ಲಾಸಿನಲ್ಲಿ ಸತ್ಯ, ಸಾಕ್ಷಿ, ಆಧಾರ ಎಂದು ಗಂಟಲು ಹರಿದುಕೊಳ್ಳುವವಳು ನಾನು. ಆದರೆ ಅಲ್ಲಿ ನನಗೆ ನೆನಪಾದದ್ದು ಜೂನ್ ತಿಂಗಳು. ಹುಡುಗಿಯ ಸಲುವಾಗಿ ಸುಮ್ಮನಾದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅರ್ಧ ಸುಳ್ಳು ಅದು. ನನ್ನ ಸಲುವಾಗಿಯೂ ಸುಮ್ಮನಾದೆ. ಥೂ ನನ್ನ!

ಹುಡುಗಿಯನ್ನು ಕರೆದುಕೊಂಡು ರಸ್ತೆ ದಾಟಿ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನನ್ನು ನೋಡಿ ಎದ್ದು ನಿಂತ, ಪಾಪ, ಮರ್ಯಾದಸ್ಥ. "ಹಂಪಿ ಏನ್ರಿ ಮೇಡಂ? ಬರ್ರಿ. ಈ ಸಲ ಬಣ್ಣದ ಫೋಟೋ ಹಾಕೇನಿ."

ಅವನು ಹಾಳೆ ಜೋಡಿಸುವಾಗ ಹುಡುಗಿ ಕೇಳಿದಳು. ಸಿಟ್ಟಿನಿಂದಲ್ಲ, ಲೆಕ್ಕದ ಸಂಶಯ ಕೇಳುವ ಹಾಗೆ ಕೇಳಿದಳು. "ಮೇಡಂ, ಹಂಗಾದ್ರ ನನ್ನ ಕಡಿಂದ ಅದನ್ನ ಯಾಕ ಬರಸಿದ್ರಿ?"

ಮಿಷನ್ನು ಹಂಪಿಯ ಹಾಳೆಗಳನ್ನು ಹೊರಗೆ ಹಾಕುತ್ತಲೇ ಇತ್ತು. ಕೃತಜ್ಞತೆಯ ಪುಟ ಬಂದಾಗ ಅದನ್ನು ಕೈಗೆತ್ತಿಕೊಂಡು ಓದಿದಳು. ಮದುವೆಯಾಗದ ಹುಡುಗಿ. "ಇದನ್ನ ಕಿತ್ತು ಹಾಕ್ಲೇನ್ರಿ?"

"ಬ್ಯಾಡವ್ವಾ. ನಮೂನಿಯಾಗ ಐತಿ, ಇರ್ಲಿ" ಅಂದೆ.

ಅವಳು ಪ್ರತಿ ಪುಟದ ಕೆಳಗೆ ಸಹಿ ಹಾಕಿದಳು. ನಾನು ದೃಢೀಕರಣ ಪತ್ರಕ್ಕೆ ಸಹಿ ಹಾಕಿದೆ. ಅವಳ ಸ್ವಂತದ್ದಕ್ಕೆ ಹಾಕದ ಸಹಿಯನ್ನು ನನ್ನ ಹಳೆಯ ಹಂಪಿಗೆ, ಅದು ಅವಳ ಸ್ವಂತ ಕೃತಿಯೆಂದು ಹಾಕಿದೆ. ಮೂರು ದಿನದಲ್ಲಿ ಮೂವತ್ತೆಂಟು ಬಂತು. ಇಪ್ಪತ್ತೆರಡು ಪುಟವನ್ನು ವಾಪಸು ತೆಗೆದುಕೋ ಅಂದರೆ ಬೇಡ ಅಂದಳು. "ಅಜ್ಜಗ ಗೊತ್ತಾಗಬಾರದ್ರಿ. ತಾನು ಹೇಳಿದ್ದಕ್ಕ ಪಾಸಾತು ಅಂದ್ಕೊಂಡಾನ." ಅದನ್ನು ಆಟದ ಕೋಣೆಯ ಕಪಾಟಿನಲ್ಲಿಟ್ಟೆ. ಅವಳು ಬಿಎಡ್ ಸೇರಿದಳು.

ಈ ವರ್ಷ, ಒಂದು ಶನಿವಾರ ಬೆಳಿಗ್ಗೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮುದುಕರೊಬ್ಬರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬರ್ರಿ ಅಂದರೆ ಚಪ್ಪಲಿ ಹೊರಗೆ ಬಿಟ್ಟು ಬಂದರು. ಆಟದ ಸಾಮಾನಿನ ಕೋಣೆಗೆ ಚಪ್ಪಲಿ ಬಿಟ್ಟು ಬಂದವರು ಈತನಕ ಅವರೊಬ್ಬರೇ.

"ಕುರಿ ದಾರಿ ಬರದ್ಲಲ್ಲ ತಾಯಿ, ಆಕಿ ಅಜ್ಜ ನಾನು" ಅಂದರು. ದುರ್ಗದ ಕಡೆಯಿಂದ ಎರಡು ಬಸ್ಸು ಹಿಡಿದು ಬಂದಿದ್ದರು. ಮೊಮ್ಮಗಳಿಗೇನಾದರೂ ಆಯಿತೇ ಎಂದು ಕೇಳಿದೆ.

"ಆಕಿ ಚೆಂದಾಗದಾಳ. ನಾ ಬಂದದ್ದು ಬ್ಯಾರೆ ಕೆಲಸಕ್ಕ. ಅದರಾಗ ಒಂದು ತಪ್ಪೈತಿ ತಾಯಿ, ತಿದ್ದಿಸಬೇಕು. ಕೊಟ್ಟೂರು ಹೊಲದಾಗ ನಾಕು ರಾತ್ರಿ ಅಂತ ಬರಸೀನಿ. ನಾಕಲ್ಲ, ಲೆಕ್ಕಕ್ಕ ಮೂರ."

ಅವರೇ ಮುಂದುವರಿಸಿದರು. "ನಡುವ ಸೋಮವಾರ ಬಂದಿತ್ತು. ಆ ರಾತ್ರಿ ಎಣಸಾದು ಬ್ಯಾಡ ಅಂತ ಹೊಲಕ್ಕ ಹೋಗಾಕಿಂತ ಮೊದ್ಲ ನಮ್ಮಪ್ಪ ಒಪ್ಪಿದ್ದ. ನನಗದು ಗೊತ್ತಿತ್ತು. ಆದ್ರ ಹೊಲ ಬಿಟ್ಟು ಹೊಂಡಾ ದಿನ ಆ ಯಜಮಾನ ನನ್ನ ಹೆಸರು ಹಿಡಿದು ಕರೀಲಿಲ್ಲ, ಏ ಕುರಿ ಅಂತ ಕರದ. ಆ ಸಿಟ್ಟು ಇಟ್ಕೊಂಡು ಇಷ್ಟು ವರ್ಸ ನಾಕು ರಾತ್ರಿ, ನಾಕು ರಾತ್ರಿ ಅಂತ ಹೇಳ್ಕೊಂತ ಬಂದೆ. ಬಾಯಿ ಮಾತಿಗೆ ಹೇಳಾದು ಬ್ಯಾರೆ. ವಿಶ್ವವಿದ್ಯಾಲಯದಾಗ ಬರದು ಇಟ್ಟದ್ದು ಬ್ಯಾರೆ ಅಲ್ಲನು? ನಾಳೆ ಯಾರಾದ್ರೂ ಓದಿ ಆ ಮನಿಯೋರು ಮೋಸಗಾರ್ರು ಅಂದ್ರ? ಅದಕ್ಕ ಬಂದೆ."

ಕಪಾಟು ತೆಗೆದು ಆ ಹಾಳೆಗಳನ್ನು ಟೇಬಲ್ಲಿನ ಮೇಲಿಟ್ಟೆ. ಅವರಿಗೆ ಓದಲು ಬರುವುದಿಲ್ಲ. ಒಂದೊಂದೇ ಪುಟವನ್ನು ಅಂಗೈಯಿಂದ ಸವರಿದರು. ಕೊನೆಯ ಪುಟದ ಕೆಂಪು ಮಸಿ ಕಂಡಿತು. "ಇದು ಸಾಹೇಬ್ರು ಬರದದ್ದೇನು? ಬಾಳ ಚೊಲೋ ಓದ್ಯಾರ ಅಂತ ಕಾಣ್ತೈತಿ."

"ಹೌದ್ರಿ ಅಜ್ಜಾ" ಅಂದೆ.

ಕೊಟ್ಟೂರಿನ ಹೊಲದ ಪುಟ ಹುಡುಕಿ, 'ನಾಲ್ಕು' ಹೊಡೆದುಹಾಕಿ 'ಮೂರು' ಎಂದು ಬರೆದೆ. ಏ ಕುರಿ ಎಂದು ಕರೆದದ್ದನ್ನೂ ಬರೆಯಲೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿದರು. "ಅದು ಖರೇನ. ಬರೀರಿ" ಅಂದರು. ಬರೆದೆ. ಓದಿ ಹೇಳಿದೆ. ತಲೆಯಾಡಿಸಿ ಬಾಗಿಲ ಕಡೆ ಹೋದವರು ತಿರುಗಿ ನಿಂತರು.

"ತಪ್ಪು ಒಪ್ಕೊಂಡಿದ್ದಕ್ಕ ಆಕಿ ಮಾರ್ಕು ಕಡಿಮಿ ಮಾಡ್ತಾರೇನು ತಾಯಿ?" ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅವರೇ ಹೇಳಿಬಿಟ್ಟರು, "ಮಾಡಿದ್ರ ಮಾಡ್ಲಿ. ಮೂವತ್ತೆಂಟರಾಗ ಒಂದೆರಡು ಹೋಗ್ಲಿ. ನಾ ಮನಿಯಾಗ ಹೇಳ್ತೀನಿ. ಮತ್ತ, ತಿದ್ದಿದ ಕಡಿ ನಿಮ್ಮ ಸಹಿ ಬೇಕಲ್ಲ? ಕಾಗದಪತ್ರದಾಗ ಹಂಗ ಇರ್ತೈತಿ."

ಬೇಕು ಅಂದೆ. ಕೂತು, ಆ 'ಮೂರು' ಎಂಬುದರ ಪಕ್ಕದಲ್ಲಿ ಸಹಿ ಹಾಕಿದೆ. ಆ ಇಪ್ಪತ್ತೆರಡು ಪುಟಗಳಲ್ಲಿ ನನ್ನ ಸಹಿ ಇರುವುದು ಅಲ್ಲೊಂದೇ ಕಡೆ.